ಗುಂಡ್ಲುಪೇಟೆಯ ದಾರಿಯ ಇದ್ದಿಲು ಬಸ್ಸು

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟು, ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ, ಬೇಗೂರಿನ ಮೇಲೆ ಹಾಯ್ದು, ಸುಮಾರು 60 ಕಿಲೋಮೀಟರುಗಳ ತರುವಾಯ ಗುಂಡ್ಲುಪೇಟೆಯನ್ನು ಸೇರುವ ರಸ್ತೆಯು ಅಲ್ಲಿಂದ ಮುಂದಕ್ಕೆ ಕವಲೊಡೆದು, ಒಂದು ಕವಲು ಬಂಡೀಪುರದ ಅರಣ್ಯಮಾರ್ಗವಾಗಿ ನೀಲಗಿರಿಗೂ ಮತ್ತೊಂದು ವಯನಾಡಿಗೂ ಸಾಗುತ್ತದೆ. ಪೂರ್ವಕ್ಕೆ ತಿರುಗಿದರೆ ತೆರಕಣಾಂಬಿಯ ಮೇಲೆ ಚಾಮರಾಜನಗರ, ಅದರಾಚೆಗೆ ಪುಣಜನೂರು, ಹಾಸನೂರುಗಳನ್ನು ಕಳೆದು ಇಪ್ಪತ್ತೇಳು ಕಡಿದಾದ ತಿರುವುಗಳ ದಿಂಬಂ ಘಾಟಿ. ಚಾಮರಾಜನಗರಕ್ಕೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ರೈಲು ಬಂದಿದ್ದಿತು. ಗುಂಡ್ಲುಪೇಟೆಗೆ ಇಂದಿಗೂ ಬಂದಿಲ್ಲ. ಆದುದರಿಂದ ಈ ಸೀಮೆಯ ವ್ಯಾಪಾರ, ವ್ಯಾಜ್ಯ, ಸಂತೆ, ಮದುವೆ, ಜಾತ್ರೆಗಳೆಲ್ಲವೂ ಎತ್ತಿನ ಗಾಡಿಯನ್ನು ಬಿಟ್ಟರೆ ಖಾಸಗಿ ಮಾಲೀಕರ ಮೋಟಾರು ಬಸ್ಸುಗಳನ್ನೇ ಅವಲಂಬಿಸಿದ್ದುವು; ಆ ಬಸ್ಸುಗಳಾದರೋ ಪೆಟ್ರೋಲನ್ನು ಅವಲಂಬಿಸಿದ್ದುವು.

ಯುದ್ಧದ ಕಾಲಕ್ಕೆ ಗುಂಡ್ಲುಪೇಟೆ, ಚಾಮರಾಜನಗರಗಳೆರಡೂ ಮೈಸೂರು ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ನೆರೆಯ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಹೀಗೆ ಇದು ಸಂಸ್ಥಾನದ ಗಡಿನಾಡು. ಅರಿಕುಠಾರವೆಂಬ ಪ್ರಾಚೀನ ಗ್ರಾಮಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರವೆಂದು ಕರೆದ ವೃತ್ತಾಂತವನ್ನು ಎಲ್ಲರೂ ಬಲ್ಲರು. ಯುದ್ಧಕಾಲದಲ್ಲಿ ಈ ಸೀಮೆಯ ಜನ ಹೇಗೆ ಸಂಚರಿಸಿದರೆಂಬುದನ್ನು ಮಾತ್ರ ಬರೆದಿಟ್ಟವರು ವಿರಳ. 1941ರಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಗಲು ಬರ್ಮಾದ ಎಣ್ಣೆಯ ಆಸರೆಯೂ ತಪ್ಪಿಹೋಯಿತು. ಸೈನ್ಯಕ್ಕೆ ಸಲ್ಲಬೇಕಾದುದು ಸಂದು ಮಿಕ್ಕ ಅತ್ಯಲ್ಪ ಭಾಗದಲ್ಲಿ ಹಳ್ಳಿಯ ಬಸ್ಸು ಓಡುವುದು ಸಾಧ್ಯವಿಲ್ಲವೆಂದು ಕಂಡಾಗ, ಹಳೆಯ ಮೈಸೂರಿನ ಬಸ್ಸುಗಳು ಬೆನ್ನಿಗೊಂದು ಕಬ್ಬಿಣದ ಪೀಪಾಯಿಯನ್ನು ಹೊತ್ತು, ಪೆಟ್ರೋಲಿಗೆ ಬದಲಾಗಿ ಇದ್ದಿಲನ್ನು ತಿನ್ನತೊಡಗಿದುವು.

ಇದ್ದಿಲಿನಿಂದ ಓಡುವುದೆಂದರೆ ಉಗಿಯಿಂದ ಓಡುವುದೆಂದು ಅನೇಕರು ಇಂದೂ ತಿಳಿದಿರುವುದುಂಟು. ಆ ಪೀಪಾಯಿಯಲ್ಲಿ ನೀರು ಕುದಿಯುತ್ತಿರಲಿಲ್ಲ. ಇದ್ದಿಲನ್ನು ಮೇಲಿನಿಂದ ತುಂಬಿ, ಮುಚ್ಚಳವನ್ನು ಗಾಳಿಯಾಡದಂತೆ ಬಿಗಿದು, ಕೆಳಗೆ ಬೆಂಕಿಯಿಟ್ಟು, ಒಂದು ಕೊಳವೆಯಿಂದ ಮಿತವಾಗಿ ಗಾಳಿಯನ್ನು ಹಾಯಿಸಿದರೆ, ಆ ಗಾಳಿಯ ಆಮ್ಲಜನಕವು ಕೆಂಡದ ಇಂಗಾಲದೊಡನೆ ಕೂಡಿ ಮೊದಲು ಇಂಗಾಲದ ಡೈಆಕ್ಸೈಡಾಗಿ, ಅದೇ ಅನಿಲವು ಸುಮಾರು ಸಾವಿರ ಡಿಗ್ರಿ ಶಾಖದ ಕೆಂಡರಾಶಿಯ ನಡುವೆ ಮತ್ತೆ ನುಸುಳುವಾಗ ದಹ್ಯವಾದ ಮಾನಾಕ್ಸೈಡಾಗಿ ಮಾರ್ಪಡುತ್ತದೆ. ಇದ್ದಿಲಿನ ತೇವದಿಂದ ಸ್ವಲ್ಪ ಜಲಜನಕವೂ ಹುಟ್ಟುತ್ತದೆ. ಹೀಗೆ ದೊರೆತ ಅನಿಲದಲ್ಲಿ ಅರ್ಧಕ್ಕಿಂತ ಮಿಗಿಲಾಗಿ ಇರುವುದು ಉರಿಯಲಾರದ ಸಾರಜನಕ. ಆದುದರಿಂದಲೇ ಪೆಟ್ರೋಲಿಗಾಗಿ ನಿರ್ಮಿತವಾದ ಎಂಜಿನ್ನು ಈ ಆಹಾರದಲ್ಲಿ ತನ್ನ ಬಲದ ಮೂರನೆಯ ಒಂದು ಭಾಗವನ್ನೋ, ಕೆಲವೊಮ್ಮೆ ಅರ್ಧವನ್ನೋ ಕಳೆದುಕೊಳ್ಳುತ್ತಿದ್ದಿತು.

ಆದರೆ ಅನಿಲವನ್ನು ಹುಟ್ಟಿಸುವುದು ಈ ವಿದ್ಯೆಯಲ್ಲಿ ಸುಲಭವಾದ ಭಾಗ. ಪೀಪಾಯಿಗೂ ಎಂಜಿನ್ನಿಗೂ ನಡುವಣ ಕೆಲವು ಅಡಿಗಳ ಕೊಳವೆಯಲ್ಲಿ ನಡೆಯಬೇಕಾದ ಸಂಸ್ಕಾರವೇ ಕಷ್ಟದ್ದು. ಕಾದ ಅನಿಲವು ಹಿಗ್ಗಿರುತ್ತದೆಯಾಗಿ ಸಿಲಿಂಡರಿನೊಳಗೆ ಅದು ಸ್ವಲ್ಪವೇ ಹಿಡಿಸುತ್ತದೆ. ಆದುದರಿಂದ ಅದನ್ನು ಉದ್ದವಾದ ಕೊಳವೆಗಳಲ್ಲಿ ಸುತ್ತಿಸಿ ತಂಪುಮಾಡಬೇಕು. ಅದರಲ್ಲಿ ಬೂದಿಯೂ ಇದ್ದಿಲ ಪುಡಿಯೂ ಬೆರೆತಿರುತ್ತವೆ. ಅವು ಒಳಹೊಕ್ಕರೆ ಪಿಸ್ಟನ್ನಿನ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸಾಣೆ ಹಿಡಿದಂತೆ ಸವೆಸುತ್ತವೆಯಾಗಿ ಅದನ್ನು ಸೋಸಬೇಕು. ಇದ್ದಿಲು ಅರೆಬೆಂದುದಾದರೆ ಡಾಂಬರಿನಂಥ ಜಿಡ್ಡು ಇಳಿದು ವಾಲ್ವುಗಳು ಅಂಟಿಕೊಳ್ಳುತ್ತವೆ. ಕಡೆಗೆ, ಈ ಅನಿಲವು ಪೆಟ್ರೋಲಿನಷ್ಟು ಶೀಘ್ರವಾಗಿ ಉರಿಯದಾದ ಕಾರಣ, ಕಿಡಿಯು ತುಸು ಮುಂಚಿತವಾಗಿಯೇ ಬೀಳುವಂತೆ ಹದಮಾಡಬೇಕು. ಪುಸ್ತಕವಿಲ್ಲದೆ, ಮಾಪಕವಿಲ್ಲದೆ, ಎಂಜಿನ್ನಿನ ಸದ್ದನ್ನು ಕೇಳಿ ಈ ಹದವನ್ನು ಕಂಡುಕೊಂಡವರು ನಮ್ಮ ಊರುಗಳ ಡ್ರೈವರುಗಳು ಮತ್ತು ಮೆಕ್ಯಾನಿಕ್ಕುಗಳು. ಆ ಕಾಲದ ಕರ್ಣಾಟಕದ ಶ್ರೇಷ್ಠ ತಾಂತ್ರಿಕರ ಪಟ್ಟಿಯಲ್ಲಿ ಇವರ ಹೆಸರುಗಳು ಇಲ್ಲದಿರುವುದು ಪಟ್ಟಿಯ ದೋಷವೆಂದೇ ನಾನು ಭಾವಿಸುತ್ತೇನೆ.

ಬಸ್ಸು ಹೊರಡುವುದಕ್ಕೆ ಬಹಳ ಮುಂಚೆಯೇ ಕ್ಲೀನರು ಎದ್ದು, ಹಿಂದಣ ದಿನದ ಬೂದಿಯನ್ನು ಕೆದಕಿ ತೆಗೆದು, ಹೊಸ ಇದ್ದಿಲನ್ನು ಸುರಿದು, ಬೆಂಕಿ ಹೊತ್ತಿಸಿ, ಗಾಳಿಯೂದುವ ಚಕ್ರದ ಹ್ಯಾಂಡಲನ್ನು ತೋಳು ಸೋಲುವವರೆಗೆ ತಿರುವಬೇಕಾಗಿದ್ದಿತು. ಕೊಳವೆಯ ಬಾಯಿಗೆ ಕಡ್ಡಿ ಗೀರಿದಾಗ ಅನಿಲವು ನೀಲಿ ಜ್ವಾಲೆಯಾಗಿ ನಿಂತು ಉರಿದರೆ ಬಸ್ಸು ಸಿದ್ಧವೆಂದರ್ಥ. ವಾಸನೆಯಿಲ್ಲದ, ಬಣ್ಣವಿಲ್ಲದ ಆ ಮಾನಾಕ್ಸೈಡು ಮುಚ್ಚಿದ ಷೆಡ್ಡಿನಲ್ಲಿ ಪ್ರಾಣಾಪಹಾರಿಯೂ ಆಗಬಲ್ಲುದಾಗಿದ್ದಿತು. ಏರಿನಲ್ಲಿ ಬಸ್ಸು ಏದುಸಿರು ಬಿಟ್ಟು ನಿಂತಾಗ ಪ್ರಯಾಣಿಕರು ಇಳಿದು ನಡೆದುದೂ, ಟಿಕೆಟ್ಟಿಗೆ ಹಣ ಕೊಟ್ಟವರೇ ಹಿಂದಿನಿಂದ ತಳ್ಳಿದುದೂ ನಾಡಿನ ಎಲ್ಲ ಸೀಮೆಗಳ ಹಿರಿಯರ ಬಾಯಲ್ಲಿ ವಿನೋದದ ಕಥೆಗಳಾಗಿ ಉಳಿದಿವೆ. ಕಪಿಲೆಯ ದಡದಿಂದ, ಸಮುದ್ರಮಟ್ಟಕ್ಕಿಂತ 800 ಮೀಟರಿಗೆ ಮಿಗಿಲಾದ ಎತ್ತರದ ಗುಂಡ್ಲುಪೇಟೆಗೆ ಏರುವ ದಾರಿಯನ್ನು ಬಲ್ಲವರು ಈ ಕಥೆಗಳಲ್ಲಿ ಉತ್ಪ್ರೇಕ್ಷೆ ಕಡಮೆಯೆಂದು ಒಪ್ಪುವರು.

ಈ ವಿದ್ಯೆ ನಮ್ಮದಲ್ಲ. ಜಾರ್ಜ್ ಇಂಬೆರ್ ಎಂಬ ಎಂಜಿನಿಯರು 1920ರ ದಶಕದಲ್ಲಿ ಯೂರೋಪಿನಲ್ಲಿ ಇದನ್ನು ಊರ್ಜಿತಗೊಳಿಸಿದನು. ಯುದ್ಧಕಾಲದಲ್ಲಿ ಸ್ವೀಡನ್ ಒಂದರಲ್ಲಿಯೇ 70,000ಕ್ಕೂ ಹೆಚ್ಚು ವಾಹನಗಳು ಸೌದೆ, ಇದ್ದಿಲುಗಳಿಂದ ಓಡಿದುವು. ಇನ್ನು ಇದ್ದಿಲು ಮೈಸೂರಿಗೆ ಅಪೂರ್ವವಸ್ತುವಾಗಿರಲಿಲ್ಲ. 1923ರಿಂದಲೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯು ಇದ್ದಿಲಿನಿಂದಲೇ ಉರಿದಿದ್ದಿತು.

ಯುದ್ಧ ಮುಗಿಯಿತು, ಪೆಟ್ರೋಲು ಮರಳಿತು, ಪೀಪಾಯಿಗಳು ಗುಜರಿಗೆ ಸಂದುವು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರಕಾರವು 120 ಬಸ್ಸುಗಳೊಡನೆ ತನ್ನದೇ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಅದೇ ಕಾಲಕ್ಕೆ, ಇದ್ದಿಲು ಬಸ್ಸಿನ ವಿದ್ಯೆಗೆ ಹತ್ತಿರದ್ದಾದ, ಒಂದು ಕಾರ್ಯಕ್ಕೆಂದು ಹುಟ್ಟಿ ಅಲ್ಲಿ ಬೇಡವಾದ ಯಂತ್ರವನ್ನು ಮತ್ತೊಂದು ಕಾರ್ಯಕ್ಕೆ ಹೂಡುವ ಪರಕಾಯಪ್ರವೇಶದ ವಿದ್ಯೆಯು ಬೆಂಗಳೂರಿನಲ್ಲಿ ಆಕಾಶವನ್ನೇರಿತು. ಯುದ್ಧಾನಂತರ ಕಾನಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಹಿಂದೂಸ್ಥಾನ್ ಏರ್‌ಕ್ರಾಫ್ಟಿನವರು ಹಾರಬಲ್ಲಷ್ಟು ಮಟ್ಟಿಗೆ ತೇಪೆ ಹಾಕಿದರು. ಚಾಲಕ ಜಮ್ಶೇದ್ ಮುನ್ಶಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ನವೀಕೃತವಾದ ಆ ವಿಮಾನಗಳು 1968ರವರೆಗೂ ವಾಯುಸೇನೆಯಲ್ಲಿ ಸೇವೆ ಸಲ್ಲಿಸಿದುವು. ಅದೇ ಕಾರ್ಖಾನೆಯಲ್ಲಿ ಮುಂದೆ ಚೇತಕ್ ಹೆಲಿಕಾಪ್ಟರಿಗಾಗಿ ತಯಾರಾದ ಆರ್ತೂಸ್ತ್ ಟರ್ಬೈನಿನ ಮೂಲವೂ ಇಂಥದೇ: ಫ್ರಾನ್ಸಿನ ಟರ್ಬೊಮೆಕಾ ಸಂಸ್ಥೆಯು ಅದನ್ನು ಮೊದಲು ಕಲ್ಪಿಸಿದ್ದು ಸಹಾಯಕ ಶಕ್ತಿಯನ್ನೊದಗಿಸುವ ಪುಟ್ಟ ಯಂತ್ರವಾಗಿ.

ವಿದೇಶಗಳಲ್ಲಿ ಮನೆಯ ಷೆಡ್ಡಿನಲ್ಲಿಯೇ ಜೈರೋಪ್ಲೇನು ಕಟ್ಟುವ ಹವ್ಯಾಸಿಗಳಲ್ಲಿ ಕೆಲವರು ಇಂದಿಗೂ ಇದೇ ಮಾರ್ಗದಲ್ಲಿದ್ದಾರೆ. ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವನು 1923ರಲ್ಲಿ ಹಾರಿಸಿದ ಈ ಬಗೆಯ ವಿಮಾನದಲ್ಲಿ ಮೇಲಣ ರೆಕ್ಕೆಗಳು ಗಾಳಿಯಿಂದ ತಾವಾಗಿಯೇ ತಿರುಗುತ್ತವೆ, ಎಂಜಿನ್ನಿಗೆ ಮುಂದಕ್ಕೊಯ್ಯುವ ಕೆಲಸವಷ್ಟೆ. ಅದಕ್ಕೆ ಸೈನ್ಯವು ವಿಲೇವಾರಿ ಮಾಡಿದ ಪುಟ್ಟ ಟರ್ಬೈನನ್ನು ಅಗ್ಗವಾಗಿ ಕೊಂಡು ಹೂಡಿದರೆ ಹಗುರವೇನೋ ಹೌದು. ಆದರೆ ನಿಮಿಷಕ್ಕೆ 60,000ಕ್ಕೂ ಮಿಗಿಲಾಗಿ ತಿರುಗುವ ದಂಡವನ್ನು ಎರಡು ಮೂರು ಸಾವಿರ ಸುತ್ತುಗಳ ಪ್ರೊಪೆಲರಿಗೆ ಒಗ್ಗಿಸುವ ಹಲ್ಲುಚಕ್ರಗಳ ಪೆಟ್ಟಿಗೆಯಲ್ಲಿ ಸಾಹಸವೆಲ್ಲ ಅಡಗಿದೆ, ಇಂಧನದ ದಾಹವೂ ವಿಪರೀತ. ಬಸ್ಸಿನಲ್ಲಿ ತಂಪುಗೊಳವೆ ಹಾಗೂ ಸೋಸುಬುಟ್ಟಿಗೆ ಇದ್ದ ಸ್ಥಾನ ಇಲ್ಲಿ ಹಲ್ಲುಚಕ್ರಗಳಿಗೆ ಇದೆ. ಎರವಲು ಯಂತ್ರದ ಯೋಗ್ಯತೆಯನ್ನು ನಿರ್ಣಯಿಸುವುದು ಯಾವಾಗಲೂ ಈ ನಡುವಣ ಅಂಗವೇ.

ಗುಜರಿಗೆ ಹೋದ ಪೀಪಾಯಿಯೊಡನೆ ಅದರ ಹದವೂ ಹೋಯಿತು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಸೌದೆಯ ಅನಿಲವನ್ನು ಶುದ್ಧಗೊಳಿಸಿ ಎಂಜಿನ್ನಿಗೆ ಕೊಡುವ ಸಮಸ್ಯೆಯನ್ನು ಶಾಸ್ತ್ರೀಯವಾಗಿ ಮೊದಲಿನಿಂದ ಶೋಧಿಸಿದರು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಇಂಥ ಅನಿಲದ ಎಂಜಿನ್ನಿನಿಂದಲೇ ದೀಪ ಬಂದಿತು.

ಇಷ್ಟೆಲ್ಲ ಮೆಚ್ಚಿದ ಬಳಿಕವೂ ಇದ್ದಿಲು ಬಸ್ಸು ಮರಳಲೆಂದು ನಾನು ಹಾರೈಸಲಾರೆ. ಒಂದು ಲೀಟರು ಪೆಟ್ರೋಲಿಗೆ ಸುಮಾರು ಒಂದೂವರೆ ಕಿಲೋ ಇದ್ದಿಲು ಬೇಕು. ಹಳೆಯ ಗುಂಡಿಗಳಲ್ಲಿ ಸುಟ್ಟರೆ ಒಂದು ಕಿಲೋ ಇದ್ದಿಲಿಗೆ ಐದು ಕಿಲೋ ಸೌದೆ ಬೇಕು. ಬಸ್ಸು ಲೀಟರಿಗೆ ನಾಲ್ಕು ಕಿಲೋಮೀಟರು ಓಡುತ್ತಿದ್ದಿತೆಂದು ಇಟ್ಟುಕೊಂಡರೆ, ಮೈಸೂರಿನಿಂದ ಗುಂಡ್ಲುಪೇಟೆಗೆ ಒಂದು ಸಲ ಹೋಗುವುದಕ್ಕೆ ನೂರು ಕಿಲೋಗೂ ಹೆಚ್ಚು ಸೌದೆ ಬೂದಿಯಾಗುತ್ತಿದ್ದಿತು. ಪೆಟ್ರೋಲಿಗೆ ಪಡಿತರ ಬಂದ 1941ರಲ್ಲಿಯೇ ಬಂಡೀಪುರದ ರಕ್ಷಿತಾರಣ್ಯವು ಸುಮಾರು 800 ಚದರ ಕಿಲೋಮೀಟರಿನ ವೇಣುಗೋಪಾಲ ವನ್ಯಧಾಮವಾಗಿ ವಿಸ್ತರಿಸಿತೆಂಬುದು ಕಾಡಿನ ಪುಣ್ಯ. ಮರಳಬೇಕಾದುದು ಬಸ್ಸಿನ ವೃತ್ತಾಂತ ಮಾತ್ರ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳಲ್ಲಿ ಹಳೆಯ ಬಸ್ಸು ಮಾಲೀಕರ, ಡ್ರೈವರುಗಳ ಮನೆತನದವರು ಯಾರಾದರೂ ಇದ್ದಲ್ಲಿ, ಪರ್ಮಿಟ್ಟು, ಲೆಕ್ಕದ ಪುಸ್ತಕ, ಭಾವಚಿತ್ರಗಳಲ್ಲಿ ಏನು ಉಳಿದಿದ್ದರೂ ಅದನ್ನು ಗುಜರಿಗೆ ಹಾಕದೆ ಜಿಲ್ಲಾ ಗ್ರಂಥಾಲಯಕ್ಕಾದರೂ ಒಪ್ಪಿಸಬೇಕೆಂದು ಪ್ರಾರ್ಥಿಸುತ್ತೇನೆ.