ಸಿಟ್ಟು ಕೈಗಿಳಿಯುವುದು ಯಾವಾಗ?

ಮನುಷ್ಯ ಹುಟ್ಟಿನಿಂದಲೇ ಆಕ್ರಮಣಶೀಲನೋ ಅಥವಾ ಸಮಾಜ ಅವನನ್ನು ಹಾಗೆ ಮಾಡುತ್ತದೆಯೋ? ಮನಃಶಾಸ್ತ್ರದ ಈ ಹಳೆಯ ಪ್ರಶ್ನೆಗೆ ಗಡಿಭಾಗದ ನಿಪ್ಪಾಣಿಯಲ್ಲಿ 1981ರಲ್ಲಿ ನಡೆದ ತಂಬಾಕು ಬೆಳೆಗಾರರ ಚಳವಳಿ ಒಂದು ಒರೆಗಲ್ಲು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಡೊಲಾರ್ಡ್ ಮತ್ತು ಸಂಗಡಿಗರು 1939ರಲ್ಲಿ ಒಂದು ವಾದ ಮುಂದಿಟ್ಟರು. ಮನುಷ್ಯ ಬಯಸಿದ್ದಕ್ಕೆ ಅಡ್ಡಿಯಾದಾಗ ಹತಾಶೆ ಹುಟ್ಟುತ್ತದೆ, ಹತಾಶೆಯೇ ಆಕ್ರಮಣಕ್ಕೆ ಮೂಲ ಎಂಬುದು ಅದರ ಸಾರ. ಆದರೆ ಎರಡೇ ವರ್ಷಗಳಲ್ಲಿ ಅವರ ಸಹೋದ್ಯೋಗಿ ನೀಲ್ ಮಿಲ್ಲರ್ ಅದನ್ನು ತಿದ್ದಿದರು. ಹತಾಶೆಗೆ ಹಲವು ದಾರಿಗಳಿವೆ, ಹೊಡೆದಾಟ ಅವುಗಳಲ್ಲಿ ಒಂದು ಮಾತ್ರ ಎಂದರು.

ನಿಪ್ಪಾಣಿಯಲ್ಲಿ ಹತಾಶೆಗೆ ಕೊರತೆ ಇರಲಿಲ್ಲ. ಕೃಷ್ಣೆಯ ದಂಡೆಯ ಅಥಣಿ, ರಾಯಬಾಗ, ಕಾಗವಾಡಗಳಿಗೆ ಕಬ್ಬು ಹೇಗೋ, ನಿಪ್ಪಾಣಿ ಸುತ್ತಿನ ಹಳ್ಳಿಗಳಿಗೆ ಬೀಡಿ ತಂಬಾಕು ಹಾಗೆ. ಬೆವರು ರೈತನದು, ಬೆಲೆ ಕಟ್ಟುವವನು ವ್ಯಾಪಾರಿ. 1981ರ ಮಾರ್ಚ್‌ನಲ್ಲಿ, ಆಗ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ್ದ ಈ ಊರಿನಲ್ಲಿ, ಶೇತಕರಿ ಸಂಘಟನೆಯ ಶರದ್ ಜೋಶಿ ನಾಯಕತ್ವದಲ್ಲಿ ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಸಾವಿರಾರು ಜನರ ಆ ಧರಣಿ ವಾರಗಟ್ಟಲೆ ಬಹುಮಟ್ಟಿಗೆ ಶಾಂತವಾಗಿ ನಡೆಯಿತು.

ಇದಕ್ಕೆ ಹೋಲಿಸಬೇಕಾದದ್ದು ಹಿಂದಿನ ವರ್ಷದ ನರಗುಂದ. ಮಲಪ್ರಭಾ ನೀರಾವರಿ ಪ್ರದೇಶದ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದಿದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆದು ರೈತರು ಸತ್ತರು. ನರಗುಂದದಲ್ಲಿ ಗುಂಪಿನ ದಾಳಿಗೆ ಪೊಲೀಸರೂ ಬಲಿಯಾದರು. ಎರಡೂ ಕಡೆ ರೈತನ ಸಂಕಟ ಒಂದೇ ಬಗೆಯದು, ಸಿಟ್ಟು ಹಿಡಿದ ದಾರಿ ಬೇರೆ.

ನಿಪ್ಪಾಣಿಯಲ್ಲಿ ಇನ್ನೊಂದು ವಿಶೇಷವಿತ್ತು. 1967ರ ಮಹಾಜನ ವರದಿ ಈ ಊರನ್ನು ಮಹಾರಾಷ್ಟ್ರಕ್ಕೆ ಕೊಡಲು ಶಿಫಾರಸು ಮಾಡಿತ್ತು. ಅದು ಜಾರಿಯಾಗದಿದ್ದರೂ ಕನ್ನಡ-ಮರಾಠಿ ಬಿರುಕು ಹಾಗೇ ಉಳಿದಿತ್ತು. ಆದರೂ ತಂಬಾಕಿನ ಬೆಲೆ ಎರಡೂ ಭಾಷೆಯ ರೈತರನ್ನು ಒಂದೇ ಹೆದ್ದಾರಿಯಲ್ಲಿ ಕೂರಿಸಿತು. ಮುಜಫರ್ ಶೆರಿಫ್ 1954ರಲ್ಲಿ ಅಮೆರಿಕದ ಒಕ್ಲಹೋಮಾದ ಬಾಲಕರ ಶಿಬಿರದಲ್ಲಿ ಕಂಡದ್ದೂ ಇದನ್ನೇ. ಪಂದ್ಯ ಕಟ್ಟಿದಾಗ ಕಿತ್ತಾಡಿದ ಎರಡು ತಂಡಗಳು, ಕುಡಿಯುವ ನೀರು ನಿಂತುಹೋದಾಗ ಕೂಡಿ ದುಡಿದವು. ಹಗೆ ರಕ್ತದಲ್ಲಿದ್ದರೆ ಹೀಗೆ ಕರಗುತ್ತಿರಲಿಲ್ಲ. ಹಾಗೆಂದು ಅದು ಶಾಶ್ವತವಾಗಿ ಅಳಿಯುವುದೂ ಇಲ್ಲ. 1986ರಲ್ಲಿ ಗಡಿ ವಿವಾದ ಬೆಳಗಾವಿ ಭಾಗದಲ್ಲಿ ಮತ್ತೆ ಹಿಂಸೆಗೆ ತಿರುಗಿತು.

ನಿಪ್ಪಾಣಿಯ ಶಾಂತಿ ಕೊನೆಗೊಂಡದ್ದು ಏಪ್ರಿಲ್ 6ರಂದು. ಗುಂಡೂರಾವ್ ಸರ್ಕಾರದ ಪೊಲೀಸರು ಧರಣಿ ತೆರವುಗೊಳಿಸಲು ಬಂದರು. ಗೋಲಿಬಾರ್‌ನಲ್ಲಿ 12 ರೈತರು ಸತ್ತರು.

ಆಕ್ರಮಣದ ಕಾರಣ ಹುಡುಕುವವರು ಸಾಮಾನ್ಯವಾಗಿ ಗುಂಪಿನ ಮನಸ್ಸನ್ನೇ ಕೆದಕುತ್ತಾರೆ. ಗುಂಪಿನಲ್ಲಿ ಮನುಷ್ಯ ವಿವೇಕ ಕಳೆದುಕೊಳ್ಳುತ್ತಾನೆ ಎಂದು ಫ್ರಾನ್ಸಿನ ಗುಸ್ತಾವ್ ಲ ಬಾನ್ 1895ರಲ್ಲೇ ಬರೆದಿದ್ದ. ನಿಪ್ಪಾಣಿ ಅದಕ್ಕೆ ಪೂರ್ಣ ಒಪ್ಪಿಗೆ ಕೊಡುವುದಿಲ್ಲ. ಸಂಘಟನೆ, ನಂಬಿಕೆಯ ನಾಯಕ, ಹೇಳಿದ್ದು ಕೇಳಿಸೀತೆಂಬ ಆಸೆ ಇರುವತನಕ ಅಲ್ಲಿ ಗುಂಪು ತಾಳ್ಮೆಯಿಂದ ಕಾದಿತ್ತು. ಸಿಟ್ಟು ಮನಸ್ಸಿನಲ್ಲಿ ಹುಟ್ಟುವುದು ನಿಜ. ಅದು ಕೈಗಿಳಿಯುತ್ತದೆಯೋ ಇಲ್ಲವೋ ಎಂಬುದರಲ್ಲಿ ಮಾತ್ರ ಸಿಟ್ಟಾದವನಷ್ಟೇ ಪಾಲು ಎದುರು ನಿಂತವನಿಗೂ ಇದೆ.