ಬೆಡಿ ಅಜ್ಜಂದು, ಕಾಗದ ಸರಕಾರದ್ದು

ಓಟು ಬಂತು ಹೇಳಿರೆ ನಮ್ಮ ಹೊಡೆಲಿ ಎರಡು ಕೆಲಸ ಒಟ್ಟಿಂಗೆ ಸುರು ಆವುತ್ತು. ಒಂದು, ಮೈಕು ಕಟ್ಟಿದ ಜೀಪು ಗುಡ್ಡೆ ಹತ್ತಿ ಬಪ್ಪದು. ಇನ್ನೊಂದು, ತೋಟ ಇಪ್ಪ ಮನೆಗಳಿಂದ ಬೆಡಿ ಹೆರ ಬಂದು, ಗೋಣಿಲಿ ಸುತ್ತಿಗೊಂಡು ಠಾಣೆಗೆ ಹೋಪದು. ಫಲಿತಾಂಶ ಬಂದ ಮತ್ತೆ ಅದು ಪುನಾ ಮನೆಗೆ ಬತ್ತು. ಆ ಎಡಕ್ಕಿಲಿ ಹಂದಿಗೊ ಬಂದು ಬಾಳೆ ಬುಡ ಒಕ್ಕಿ ಹಾಕುತ್ತವು, ಮಂಗಂಗೊ ಬೊಂಡ ಉದುರುಸುತ್ತವು. ಅವಕ್ಕೆ ಓಟಿನ ಸಂಗತಿ ಗೊಂತಿಲ್ಲೆ ಇದಾ.

ಹೆರಾಣ ಊರಿಲಿಪ್ಪ ತಂಗೆಕ್ಕೊಗೆ ಒಂದು ಮಾತು. ನಮ್ಮಲ್ಲಿ ಬೆಡಿ ಹೇಳಿರೆ ಎರಡು ಇದ್ದು. ಪುತ್ತೂರು ಜಾತ್ರೆಲಿ ಆಕಾಶಕ್ಕೆ ಬಿಡುದೂ ಬೆಡಿಯೇ, ಉಪ್ಪರಿಗೆಲಿ ಮೊಳೆಗೆ ನೇಲ್ಸಿ ಮಡುಗುದೂ ಬೆಡಿಯೇ. ಆನಿಲ್ಲಿ ಬರವದು ಎರಡನೆದರ ಬಗ್ಗೆ, ಪುಸ್ತಕದ ಭಾಷೆಲಿ ಅದು ಕೋವಿ.

ಚುನಾವಣಾ ಆಯೋಗದ ಸೂಚನೆ ನೋಡಿರೆ, ಲೈಸೆನ್ಸ್ ಇಪ್ಪವೆಲ್ಲ ಕಣ್ಣುಮುಚ್ಚಿ ಬೆಡಿ ಕೊಡೆಕು ಹೇಳಿ ಇಲ್ಲೆ. ಜಿಲ್ಲೆಲಿ ಒಂದು ಪರಿಶೀಲನಾ ಸಮಿತಿ ಕೂದು, ಜಾಮೀನಿಲಿ ಹೆರ ಇಪ್ಪವು, ಅಪರಾಧದ ಹಿನ್ನೆಲೆ ಇಪ್ಪವು, ಹಿಂದೆ ಗಲಾಟೆಲಿ ಸೇರಿದವು, ಇವರ ಎಲ್ಲ ನೋಡಿ ತೀರ್ಮಾನ ಮಾಡೆಕು. ಊರಿಲಿ ನಡವದು ಬೇರೆ. ಎಪ್ಪತ್ತು ದಾಂಟಿದ ಅಡಕ್ಕೆ ತೋಟದ ಅಜ್ಜಂದ್ರೂ ಸಾಲಿಲಿ ನಿಂದು ಬೆಡಿ ಕೊಟ್ಟಿಕ್ಕಿ ಬತ್ತವು. ಪ್ರತಿ ಓಟಿಂಗೂ ರೈತರು ತಕರಾರು ಮಾಡ್ತವು, ಪ್ರತಿ ಓಟಿಂಗೂ ಕೊಡ್ತವು.

ಅದಿರಳಿ, ಅದು ತಾತ್ಕಾಲಿಕ. ಲೈಸೆನ್ಸೇ ಹೋದರೆ ಎಂತ ಕತೆ? ಅವಧಿ ಮುಗುದು ನವೀಕರಣ ಆಗದ್ರೆ, ಅಧಿಕಾರಿ ರದ್ದು ಮಾಡಿರೆ, ಅಥವಾ ಲೈಸೆನ್ಸ್ ಆರ ಹೆಸರಿಲಿ ಇತ್ತೋ ಅವ್ವೇ ತೀರಿಹೋದರೆ? ನಾವು ಹೆಮ್ಮಕ್ಕಳ ತಲಗೆ ಬಪ್ಪದು ಹೆಚ್ಚಾಗಿ ಈ ಮೂರನೆದು. ಬದುಕಿಪ್ಪನ್ನಾರ ಬೆಡಿ ಮುಟ್ಲೆ ಬಿಡದ್ದ ಮನೆಲಿ, ಯಜಮಾನ್ರು ಹೋದ ಮರದಿನಂದ ಬೆಡಿಯ ಕಾಗದ ಹುಡ್ಕುದು ಹೆಮ್ಮಕ್ಕಳೇ.

ನೆರೆಕರೆಯ ಒಬ್ಬ ಅತ್ತೆಗೆ ಹೀಂಗೇ ಆತು. ಮಾವ ತೀರಿಹೋಗಿ ವರ್ಷಾಂತವೂ ಕಳುದ ಮತ್ತೆ, ಅಟ್ಟ ಉಡುಗುವಗ ಹಳೇ ವೇಷ್ಟಿಲಿ ಸುತ್ತಿ ಮಡುಗಿದ ಬೆಡಿ ಕಂಡತ್ತಡ. ಮಗ ಬೆಂಗಳೂರಿಲಿ, ಅವಂಗೆ ಬೇಡ. ಮಗಳು ಅಮೇರಿಕಲ್ಲಿ. ಲೈಸೆನ್ಸಿನ ಪುಸ್ತಕದ ಅವಧಿ ಮುಗುದು ಎಷ್ಟೋ ಸಮಯ ಆಗಿತ್ತು. ಆರೋ ಹೇಳಿದವು ಹೇಳಿ ಪೇಟೆಯ ಬೆಡಿ ಅಂಗಡಿಲಿ ಮಡುಗಿದವು. ತಿಂಗಳಿಂಗೆ ಇಂತಿಷ್ಟು ಬಾಡಿಗೆ ಹೇಳಿ ಅಂಗಡಿಯವು ಬಾಯಿಲಿ ಹೇಳಿದ್ದವು, ಕಾಗದಲ್ಲಿ ಎಂತದೂ ಇತ್ತಿಲ್ಲೆ. ವರ್ಷ ಮೂರು ಕಳುದು, ಮಾರಿ ಬಿಡುವೊ ಹೇಳಿ ಹೋಪಗ ಬಾಡಿಗೆಯ ಲೆಕ್ಕ ಬೆಡಿಯ ಕ್ರಯವ ದಾಂಟಿತ್ತು! ಅತ್ತೆ ಎನ್ನತ್ರೆ ಕೇಳಿದ್ದು ಒಂದೇ ಮಾತು, “ಎಂಗಳದ್ದೇ ಬೆಡಿ, ಎಂಗೊಗೇ ಬಾಡಿಗೆಯೊ?”

ಆ ಪ್ರಶ್ನೆಗೆ ಉತ್ತರ ಹುಡ್ಕಿಗೊಂಡು ಹೋದರೆ ಸುಮಾರು ನೂರ ಐವತ್ತು ವರ್ಷ ಹಿಂದಂಗೆ ಹೋಯೆಕಾವುತ್ತು.

ಸುಳ್ಯದ ಹೊಡೆ, ಅಮರ ಸುಳ್ಯ ಮಾಗಣೆ ಹೇಳ್ತವನ್ನೆ, ಅದು 1834ರ ವರೆಗೆ ಕೊಡಗಿನ ಅರಸುಗಳ ಕೈಲಿ ಇತ್ತು. ಕಂಪೆನಿಯವು ಕೊಡಗಿನ ತೆಕ್ಕೊಂಡಪ್ಪಗ ಈ ಜಾಗೆಯ ಕೊಡಗಿಂದ ಬಿಡುಸಿ ಕೆನರಾ ಜಿಲ್ಲೆಗೆ ಸೇರ್ಸಿದವು. ಅದಾಗಿ ಮೂರು ವರ್ಷಲ್ಲಿ, 1837ರಲ್ಲಿ, ಸುಳ್ಯದ ರೈತರು ದಂಡು ಕಟ್ಟಿ ಮಂಗಳೂರಿನ ವರೆಗೆ ಹೋದವು. ಕೆದಂಬಾಡಿ ರಾಮಯ್ಯ ಗೌಡರ ಹೆಸರು ಈಗ ಎಲ್ಲೋರಿಂಗೂ ಗೊಂತಿದ್ದು. ರಜ ದಿನ ಮಂಗಳೂರು ಅವರ ಕೈಲಿ ಇತ್ತು, ಮತ್ತೆ ಕಂಪೆನಿಯ ಸೈನ್ಯ ಬಂತು, ನೇಣು ಹಾಕಿದವು.

ಇಪ್ಪತ್ತು ವರ್ಷ ಕಳುದು ಉತ್ತರಲ್ಲಿ 1857ರ ದಂಗೆ. ಅದರಿಂದ ಹೆದರಿದ ಬ್ರಿಟಿಷರು ಊರವರ ಕೈಲಿಪ್ಪ ಆಯುಧಂಗಳ ತೆಗವಲೆ ಕಾಯಿದೆ ಮೇಲೆ ಕಾಯಿದೆ ತಂದವು. ಆದರೆ ಕೊಡಗಿನವು ಅಂಬಗ ಅವಕ್ಕೆ ಎದುರು ನಿಂದಿತ್ತಿದ್ದವಿಲ್ಲೆ. ಹಾಂಗಾಗಿ 1861ರಲ್ಲಿ ಕೊಡವರಿಂಗೆ ಆಯುಧ ಮಡುಗುಲೆ ವಿನಾಯಿತಿ ಸಿಕ್ಕಿತ್ತು. ಅಲ್ಲಿ ಬೆಡಿ ದೇವರ ಕೋಣೆಯ ಹತ್ತರೆ ಇಪ್ಪ ವಸ್ತು. ಕೈಲ್ ಮುಹೂರ್ತಕ್ಕೆ ಅದಕ್ಕೆ ಹೂಗು ಮಡುಗಿ ಪೂಜೆ ಮಾಡ್ತವು. ಈ ವಿನಾಯಿತಿ ಈಗಳೂ ಇದ್ದು. 2019ರಲ್ಲಿ ಕೇಂದ್ರ ಸರಕಾರ ಕೊಡವರಿಂಗೂ ಜಮ್ಮಾ ಹಿಡುವಳಿದಾರಂಗೊಕ್ಕೂ ಅದರ 2029ರ ವರೆಗೆ ಮುಂದುವರುಸಿತ್ತು, 2021ರಲ್ಲಿ ಹೈಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಲ್ಲ ಹೇಳಿತ್ತು. ಸಂಪಾಜೆ ಘಾಟಿಯ ಅತ್ಲಾಗಿ ಒಂದು ನ್ಯಾಯ, ಇತ್ಲಾಗಿ ಒಂದು ನ್ಯಾಯ. 1834ರಲ್ಲಿ ಗಡಿಗೆರೆ ಬೇರೆ ರೀತಿ ಎಳದಿದ್ದರೆ ನಮ್ಮ ಹೊಡೆಲೂ ಕೆಲವು ಮನೆಗೊಕ್ಕೆ ಈ ಕಾಗದದ ಕಷ್ಟ ಇರ್ತಿತ್ತಿಲ್ಲೆಯೊ ಏನೋ. ಇದು ಎನ್ನ ಆಲೋಚನೆ ಅಷ್ಟೇ, ಅಡಿಗೆ ಮಾಡಿಗೊಂಡಿಪ್ಪಗ ಬಂದದು.

ಇತ್ಲಾಗಿಯಾಣವಕ್ಕೆ ಸಿಕ್ಕಿದ್ದು 1878ರ ಆಯುಧ ಕಾಯಿದೆ. ವೈಸ್‌ರಾಯ್ ಲಿಟ್ಟನ್ ಸಾಹೇಬರ ಕಾಲದ್ದು. ಲೈಸೆನ್ಸ್ ಇಲ್ಲದ್ದೆ ಆಯುಧ ಮಡುಗುಲಾಗ ಹೇಳಿ ಆತು. ಬಿಳಿ ದೊರೆಗೊಕ್ಕೆ ಮಾಂತ್ರ ವಿನಾಯಿತಿ, ಊರಿನ ದೊಡ್ಡ ಜಮೀನ್ದಾರನೂ ಅರ್ಜಿ ಹಿಡ್ಕೊಂಡು ನಿಲ್ಲೆಕು. ಆ ಅವಮಾನ ಎಷ್ಟು ದಿನ ಒಳುದತ್ತು ಹೇಳಿರೆ, 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಮದಲು ಗಾಂಧೀಜಿ ವೈಸ್‌ರಾಯಿಯ ಮುಂದೆ ಮಡುಗಿದ ಹನ್ನೊಂದು ಬೇಡಿಕೆಲಿ ಒಂದು, ಆತ್ಮರಕ್ಷಣೆಗೆ ಬೆಡಿಯ ಲೈಸೆನ್ಸ್ ಕೊಡೆಕು ಹೇಳುದು. ಅಹಿಂಸೆಯ ಅಜ್ಜ ಬೆಡಿಯ ಲೈಸೆನ್ಸ್ ಕೇಳಿದವು ಹೇಳಿ ಓದುವಗ ಎನಗೆ ಆಶ್ಚರ್ಯ ಆತು. ಅವಕ್ಕೆ ಬೆಡಿ ಬೇಕಾಗಿತ್ತಿಲ್ಲೆ, ಬಿಳಿಯಂಗೊಂದು ನಿಯಮ, ನವಗೊಂದು ನಿಯಮ ಹೇಳುದು ಬೇಡ ಇತ್ತು.

ಆ 1878ರ ಕಾಯಿದೆಲೇ ಅತ್ತೆಯ ಪ್ರಶ್ನೆಗೆ ಉತ್ತರ ಇಪ್ಪದು. ಲೈಸೆನ್ಸ್ ಮುಗುದರೆ, ರದ್ದಾದರೆ, ಬೆಡಿಯ ಠಾಣೆಲಿ ಒಪ್ಪುಸೆಕು ಹೇಳ್ತ ನಿಯಮ ಅದರಲ್ಲಿ ಬಂತು. ಗದ್ದೆ, ಹಸು, ಚಿನ್ನ ಇದೆಲ್ಲ ನಮ್ಮ ಕೈಲಿ ಇದ್ದರೆ ನಮ್ಮದು. ಬೆಡಿ ಹಾಂಗಲ್ಲ. ಕಾಗದಕ್ಕೆ ಜೀವ ಇಪ್ಪನ್ನಾರ ಮಾಂತ್ರ ಅದು ಮನೆಲಿ ಇಪ್ಪಲಕ್ಕು. ಕಾಗದ ಸತ್ತರೆ ಬೆಡಿಯ ಬೆಲೆ ನಿಂಗಳದ್ದೇ, ಬೆಡಿ ಮಾಂತ್ರ ಮನೆಲಿ ಇಪ್ಪಲಾಗ.

ಸ್ವಾತಂತ್ರ್ಯ ಬಂದ ಮತ್ತೆ ಹಳೆ ಕಾಯಿದೆಯ ತೆಗದು 1959ರಲ್ಲಿ ಹೊಸತ್ತು ಮಾಡಿದವು, ಜಾರಿಗೆ ಬಂದದು 1962ರ ಅಕ್ಟೋಬರ್ 1ಕ್ಕೆ. ಇದು ರಜ ಮೆತ್ತಂಗೆ. ಬೆಳೆ ಕಾಪಾಡ್ಲೆ ನಳಿಗೆಯ ಬಾಯಿಂದ ಮದ್ದು ತುಂಬುಸುವ ಬೆಡಿ ಕೇಳಿರೆ ಲೈಸೆನ್ಸ್ ಕೊಡೆಕು ಹೇಳಿ ಅದರಲ್ಲಿ ಸ್ಪಷ್ಟ ಇದ್ದು. ನಮ್ಮ ಮನೆಗಳ ಒಂಟಿ ನಳಿಗೆ ಬೆಡಿಗೊ ಹೆಚ್ಚಿನದೂ ಈ ದಾರಿಲಿ ಬಂದದು. 1972ರ ವನ್ಯಜೀವಿ ಕಾಯಿದೆ ಬಂದ ಮತ್ತೆ ಶಿಕಾರಿ ನಿಂದತ್ತು, ಶಬ್ದ ಮಾಡಿ ಓಡ್ಸುಲೆ ಬೆಡಿ ಒಳುದತ್ತು.

ಈಗ ಮುಖ್ಯ ಸಂಗತಿ, ಈ ಕಾಯಿದೆಯ 21ನೇ ಸೆಕ್ಷನ್. ಇದರ ರಜ ಸಾವಕಾಶಲ್ಲಿ ಓದಿ, ಒಲೆಲಿ ಹಾಲು ಮಡುಗಿದ್ದರೆ ಇಳುಶಿಕ್ಕಿ ಬನ್ನಿ.

ಅವಧಿ ಮುಗುದರೂ, ಅಮಾನತು ಆದರೂ, ರದ್ದಾದರೂ, ಬೇರೆ ಏವ ಕಾರಣಕ್ಕೆ ಆದರೂ ಬೆಡಿ ಮಡುಗುದು ಕಾನೂನಿಂಗೆ ವಿರುದ್ಧ ಆತು ಹೇಳಿ ಆದರೆ, ಅನಗತ್ಯ ತಡ ಮಾಡದ್ದೆ ಅದರ ಹತ್ತರಾಣ ಠಾಣೆಲಿ, ಅಥವಾ ಲೈಸೆನ್ಸ್ ಇಪ್ಪ ಬೆಡಿ ಅಂಗಡಿಲಿ ಠೇವಣಿ ಮಡುಗೆಕು. ಸೈನ್ಯಲ್ಲಿಪ್ಪವಕ್ಕೆ ಅವರ ಘಟಕದ ಶಸ್ತ್ರಾಗಾರಲ್ಲಿ ಮಡುಗುಲೆ ಅವಕಾಶ ಇದ್ದು. ತೋಟೆ, ಮದ್ದು ಇದ್ದರೆ ಅದೂ ಒಟ್ಟಿಂಗೆ. “ಕೆಟ್ಟು ಹೋದ ಬೆಡಿ, ಗೋಡೆಲಿ ಚೆಂದಕ್ಕೆ ಇರಳಿ” ಹೇಳಿ ಕೆಲವು ಮನೆಲಿ ಬಿಡ್ತವು. ಅದು ಬೇಡ. ಲೈಸೆನ್ಸ್ ಇಲ್ಲದ್ದೆ ಬೆಡಿ ಮಡುಗಿದ್ದಕ್ಕೆ 2019ರ ತಿದ್ದುಪಡಿ ಆದ ಮತ್ತೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಹಂದಿ ಓಡ್ಸುಲೆ ಅಜ್ಜ ತಂದದು ಹೇಳಿರೆ ಕೇಸು ತಪ್ಪ.

ಠೇವಣಿ ಮಡುಗಿರೆ ಬೆಡಿ ಹೋತು ಹೇಳಿ ಅಲ್ಲ. ಇದು ತುಂಬ ಜೆನಕ್ಕೆ ಗೊಂತಿಲ್ಲೆ. ಮಡುಗಿದವಕ್ಕೆ, ಅವು ತೀರಿಹೋದರೆ ಅವರ ವಾರಸುದಾರಂಗೆ, ಎರಡು ಹಕ್ಕು ಇದ್ದು. ಲೈಸೆನ್ಸ್ ಸಿಕ್ಕಿರೆ ವಾಪಾಸು ತೆಕ್ಕೊಂಬಲಕ್ಕು. ಅಥವಾ ಲೈಸೆನ್ಸ್ ಇಪ್ಪ ಬೇರೆಯವಕ್ಕೆ ಮಾರಿ, ಆ ಪೈಸೆ ತೆಕ್ಕೊಂಬಲಕ್ಕು. ವಾರಸುದಾರ ಹೇಳಿರೆ ಮಗನೇ ಆಯೆಕು ಹೇಳಿ ಇಲ್ಲೆ, ಹೆಂಡತಿ, ಮಗಳು ಎಲ್ಲ ಬಕ್ಕು. ಆದರೆ ಇದೆಲ್ಲ ಒಂದು ಅವಧಿಯ ಒಳ ಆಯೆಕು. ಆ ಅವಧಿ ದಾಂಟಿರೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಬೆಡಿಯ ಸರಕಾರಕ್ಕೆ ಮುಟ್ಟುಗೋಲು ಹಾಕ್ಲಕ್ಕು. ಅದಕ್ಕೆ ಮದಲು ನೋಟೀಸು ಕೊಡೆಕು, ಕಾರಣ ಹೇಳ್ಲೆ 30 ದಿನ ಸಮಯ ಇದ್ದು. ಆ ನೋಟೀಸು ಹಳೇ ವಿಳಾಸಕ್ಕೆ, ತೀರಿಹೋದವರ ಹೆಸರಿಂಗೆ ಬಂದರೆ “ಮಾವಂದು, ಈಗ ಆರಿಂಗೆ ಬೇಕು” ಹೇಳಿ ಒಲಗೆ ಹಾಕೆಡಿ. ಲೈಸೆನ್ಸ್ ಅಮಾನತಿಲಿ ಮಾಂತ್ರ ಇದ್ದರೆ, ಆ ಅಮಾನತಿನ ಸಮಯಕ್ಕೆ ಮುಟ್ಟುಗೋಲು ಇಲ್ಲೆ.

ಬಾಡಿಗೆಯ ಸಂಗತಿ ಇಲ್ಲಿಯೇ ಬಪ್ಪದು. ಅಂಗಡಿಯವು ಬೆಡಿಗೆ ಎಣ್ಣೆ ಹಾಕಿ, ತುಕ್ಕು ಹಿಡಿಯದ್ದ ಹಾಂಗೆ ನೋಡಿಗೊಳ್ತವು, ಅದಕ್ಕೆ ತಿಂಗಳಿಂಗೋ ವರ್ಷಕ್ಕೋ ಪೈಸೆ ತೆಕ್ಕೊಳ್ತವು. ಅಂಗಡಿಂದ ಅಂಗಡಿಗೆ ದರ ಬೇರೆ. ಠಾಣೆಲಿ ಮಡುಗಿರೆ ಹೀಂಗೆ ತಿಂಗಳ ಲೆಕ್ಕ ಬೆಳೆಯ, ಆದರೆ ಅಲ್ಲಿ ಮಳೆಗಾಲಲ್ಲಿ ಎಣ್ಣೆ ಹಾಕುವವು ಆರು? ಎನ್ನ ಲೆಕ್ಕಲ್ಲಿ ಮನೆಲಿ ಲೈಸೆನ್ಸ್ ಮಾಡ್ಸುವ ಅಂದಾಜು ಇದ್ದು, ಬೆಡಿಯೂ ಒಳ್ಳೆದಿದ್ದು ಹೇಳಿ ಆದರೆ ಅಂಗಡಿ ಅಕ್ಕು. ಆರಿಂಗೂ ಬೇಡದ್ದ ಹಳೇ ಬೆಡಿಗೆ ಬಾಡಿಗೆ ಕೊಡುದು, ಹಾಲು ಬತ್ತಿದ ದನಕ್ಕೆ ಹಿಂಡಿ ಹಾಕಿದ ಹಾಂಗೆ. ದನಕ್ಕಾದರೂ ಪ್ರೀತಿಲಿ ಹಾಕುವೊ.

ಏವುದೇ ಆಗಲಿ, ರಶೀದಿ ಇಲ್ಲದ್ದೆ ಬೆಡಿ ಕೈಬಿಡೆಡಿ. ರಶೀದಿಲಿ ಬೆಡಿಯ ನಂಬ್ರ, ನಳಿಗೆ ಒಂದೋ ಎರಡೋ, ತೋಟೆ ಎಷ್ಟು, ಮಡುಗಿದ ದಿನ, ಬಾಡಿಗೆ ಎಷ್ಟು, ಎಲ್ಲಿಯ ವರೆಗೆ ಮಡುಗುತ್ತವು, ಇಷ್ಟು ಬರೆಶಿಗೊಳ್ಳಿ. ಅಂಗಡಿಲಿ ಮಡುಗಿರೂ ಠಾಣೆಗೂ ಲೈಸೆನ್ಸ್ ಕೊಡ್ತ ಆಫೀಸಿಂಗೂ ಒಂದು ಕಾಗದ ಬರೆದು, ಮುಟ್ಟಿದ್ದಕ್ಕೆ ಸೀಲು ಹಾಕ್ಸಿಗೊಂಡು ಬನ್ನಿ. ಅತ್ತೆಯತ್ರೆ ಹೀಂಗಿಪ್ಪ ಒಂದು ತುಂಡು ಕಾಗದ ಇತ್ತಿದ್ದರೂ ಆ ಬಾಡಿಗೆಯ ಜಗಳ ಅರ್ಧಕ್ಕೇ ಮುಗಿತ್ತಿತು.

ಮಾರುದು ಹೇಳಿ ಆದರೆ, ಪಕ್ಕದ ಮನೆ ಭಾವಂಗೆ ಕೈಂದ ಕೈಗೆ ಕೊಡ್ಲೆ ಎಡಿಯ. ತೆಕ್ಕೊಂಬವರ ಹತ್ತರೆ ಲೈಸೆನ್ಸ್ ಇರೆಕು. ಆರಿಂಗೆ ಕೊಡ್ತೆಯೊ ಅವರ ಹೆಸರು, ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟಿಂಗೆ ಅಥವಾ ಹತ್ತರಾಣ ಠಾಣೆಗೆ ಮದಲೇ ತಿಳುಶೆಕು, ತಿಳುಶಿ ಕನಿಷ್ಠ 45 ದಿನ ಕಳಿಯೆಕು. 21 ವರ್ಷ ಆಗದ್ದ ಪುಳ್ಳಿಗೆ ಕೊಡ್ಲೆ ಇಲ್ಲೆ.

ಮನೆಲೇ ಒಳಿಯೆಕು ಹೇಳಿ ಆಶೆ ಇಪ್ಪವಕ್ಕೆ 2016ರ ನಿಯಮಲ್ಲಿ ಒಂದು ಒಳ್ಳೆ ದಾರಿ ಇದ್ದು. ಲೈಸೆನ್ಸ್ ಇಪ್ಪವಕ್ಕೆ 70 ವರ್ಷ ಆದರೆ, ಅಥವಾ ಬೆಡಿ ಅವರ ಹತ್ತರೆ 25 ವರ್ಷ ಇದ್ದರೆ, ಬದುಕಿಪ್ಪಗಳೇ ಅದರ ವಾರಸುದಾರನ ಹೆಸರಿಂಗೆ ಮಾಡ್ಲೆ ಅರ್ಜಿ ಕೊಡ್ಲಕ್ಕು. ಪೋಲೀಸು ವಿಚಾರಣೆ ಎಲ್ಲ ಹೊಸ ಲೈಸೆನ್ಸಿನ ಹಾಂಗೇ ಇದ್ದು. ಆದರೆ ಅಜ್ಜನೇ ಕೂದು ದಸ್ಕತ್ತು ಹಾಕುದಕ್ಕೂ, ಅಜ್ಜ ಹೋದ ಮತ್ತೆ ಮರಣ ಪತ್ರ, ವಂಶವೃಕ್ಷ, ಎಲ್ಲೋರ ಒಪ್ಪಿಗೆ ಹೇಳಿಗೊಂಡು ತಾಲೂಕಾಫೀಸಿನ ಮೆಟ್ಲು ಹತ್ತುದಕ್ಕೂ ಆಕಾಶ ಭೂಮಿ ವ್ಯತ್ಯಾಸ ಇದ್ದು. ಈ ಮಾತು ಅಜ್ಜಂದ್ರ ಹತ್ತರೆ ತೆಗವಲೆ ರಜ ಕಷ್ಟ, ಗೊಂತಿದ್ದು. ಊಟ ಆಗಿ ಎಲೆ ಅಡಕ್ಕೆ ಬಾಯಿಗೆ ಹಾಕಿದ ಹೊತ್ತಿಲಿ ತೆಗೆಯೆಕು.

ಇನ್ನು ಎರಡು ಮೂರು ಬೆಡಿ ಇಪ್ಪ ದೊಡ್ಡ ಮನೆಗಳ ಕತೆ. 1983ರ ತಿದ್ದುಪಡಿಲಿ ಒಬ್ಬಂಗೆ ಮೂರೇ ಹೇಳಿ ಮಾಡಿದವು. 2019ರ ಡಿಸೆಂಬರಿಲಿ ಅದರ ಎರಡಕ್ಕೆ ಇಳುಶಿದವು, ಮೂರನೆದರ ಒಂದು ವರ್ಷದ ಒಳ ಠೇವಣಿ ಮಡುಗೆಕು ಹೇಳಿದವು. ಅದೇ ತಿದ್ದುಪಡಿಲಿ ಲೈಸೆನ್ಸಿನ ಅವಧಿ ಮೂರು ವರ್ಷಂದ ಐದು ವರ್ಷಕ್ಕೆ ಏರಿತ್ತು. ಐದು ವರ್ಷ ಹೇಳಿರೆ ಮರವಲೆ ಸಾಕಷ್ಟು ಸಮಯ. ಗ್ಯಾಸಿನ ಪುಸ್ತಕ, ಮಕ್ಕಳ ಚುಚ್ಚುಮದ್ದಿನ ಕಾರ್ಡು ಎಲ್ಲ ನೆಂಪು ಮಡುಗುದು ನಾವೇ ಅಲ್ಲದಾ. ಆ ಕಪಾಟಿನ ಅಡಿಲಿ ಸಣ್ಣ ಲೈಸೆನ್ಸ್ ಪುಸ್ತಕ ಒಂದು ಇಕ್ಕು. ಅಕೇರಿಯಾಣ ಸೀಲಿನ ತಾರೀಕು ನೋಡಿ, ಕ್ಯಾಲೆಂಡರಿಲಿ ಆ ತಿಂಗಳಿನ ಹಾಳೆಲಿ ಬರದು ಮಡುಗಿ.

ಅತ್ತೆಯ ಬೆಡಿ ಈಗಳೂ ಆ ಅಂಗಡಿಲೇ ಇದ್ದು. ಅಳಿಯ ಬಂದು ಲೆಕ್ಕ ಮಾತಾಡ್ತೆ ಹೇಳಿದ್ದನಡ.