ಕಾಲ್ವೆಲ್, ರೀಟಾ

1934– . ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ. ಕಾಲರಾ ರೋಗಾಣು ನೀರಿನಲ್ಲಿ ಯಾವುದನ್ನು ಆಶ್ರಯಿಸಿ ಬದುಕುತ್ತದೆ ಎಂಬುದನ್ನು ತೋರಿಸಿಕೊಟ್ಟು, ಅದೇ ತಿಳಿವಳಿಕೆಯ ಬಲದಿಂದ ಹಳೆಯ ಸೀರೆಯೊಂದನ್ನು ರೋಗ ತಡೆಯುವ ಸಾಧನವಾಗಿಸಿದವರು. ಹುಟ್ಟಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಬೆವರ್ಲಿಯಲ್ಲಿ. 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1970ರ ದಶಕದಿಂದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಅವರ ಕಾರ್ಯಕ್ಷೇತ್ರ. 1998ರಿಂದ 2004ರವರೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನಿರ್ದೇಶಕಿಯಾಗಿದ್ದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರೇ. 2010ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಸಂದಿತು.

ಕಾಲ್ವೆಲ್ ಸಂಶೋಧನೆಗೆ ತೊಡಗಿದ ಕಾಲದಲ್ಲಿ, ಕಾಲರಾ ರೋಗಾಣು ಮನುಷ್ಯನ ಕರುಳಿನಿಂದ ಹೊರಬಿದ್ದ ಮೇಲೆ ಹೆಚ್ಚು ದಿನ ಉಳಿಯದು ಎಂಬುದೇ ಸಾಮಾನ್ಯ ನಂಬಿಕೆಯಾಗಿತ್ತು. ಹಾಗಿದ್ದರೆ ಒಂದು ಪಿಡುಗು ಅಡಗಿ ಇನ್ನೊಂದು ತಲೆಯೆತ್ತುವವರೆಗೆ ಅದು ಇರುವುದೆಲ್ಲಿ? ಕಾಲರಾ ಹಾವಳಿಯೇ ಇಲ್ಲದ ಅಮೆರಿಕದ ಚೆಸಪೀಕ್ ಕೊಲ್ಲಿಯ ನೀರಿನಲ್ಲಿ ಅವರ ತಂಡಕ್ಕೆ ಈ ಬ್ಯಾಕ್ಟೀರಿಯ ಸಿಕ್ಕಿತು. ಪ್ರತಿಕೂಲ ಸಮಯದಲ್ಲಿ ಅದು ಒಂದು ಬಗೆಯ ಸುಪ್ತ ಸ್ಥಿತಿಗೆ ಇಳಿಯುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯದಿದ್ದರೂ ಸತ್ತಿರುವುದಿಲ್ಲ ಎಂಬುದನ್ನೂ ಅವರು ತೋರಿಸಿದರು. ಈ ಮಾತನ್ನು ಒಪ್ಪಲು ವಿಜ್ಞಾನಲೋಕ ಬಹಳ ವರ್ಷ ಹಿಂಜರಿಯಿತು. ಬಾಂಗ್ಲಾದೇಶದ ಅನ್ವರ್ ಹಕ್ ಅವರೊಡನೆ ನಡೆಸಿದ ಅಧ್ಯಯನಗಳಿಂದ ಇನ್ನೊಂದು ಸಂಗತಿ ಬೆಳಕಿಗೆ ಬಂತು. ರೋಗಾಣುಗಳು ಕೋಪೆಪಾಡ್ ಎಂಬ ಪುಟ್ಟ ಜಲಚರಗಳ ಮೈಗೂ ಮೊಟ್ಟೆಯ ಚೀಲಗಳಿಗೂ ಗುಂಪುಗುಂಪಾಗಿ ಅಂಟಿಕೊಂಡಿರುತ್ತವೆ. ಒಂದೇ ಜೀವಿಯ ಮೇಲೆ ಸಾವಿರಾರು ಇರಬಹುದು. ಕೋಪೆಪಾಡ್‌ಗಳು ಯಾವಾಗ ಹೆಚ್ಚುತ್ತವೆ ಎಂದು ಊಹಿಸಲು ಬಂಗಾಳ ಕೊಲ್ಲಿಯ ಮೇಲ್ಮೈ ಉಷ್ಣತೆಯನ್ನು ಉಪಗ್ರಹಗಳ ಮೂಲಕ ಅಳೆದು ಕಾಲರಾ ಮುನ್ಸೂಚನೆ ನೀಡುವ ಪ್ರಯತ್ನಕ್ಕೂ ಇದೇ ತಳಹದಿಯಾಯಿತು.

ಹಳ್ಳಿಯ ಹೆಣ್ಣುಮಕ್ಕಳಿಗೆ ಹತ್ತಿರವಾದದ್ದು ಇದೇ ಅರಿವಿನ ಇನ್ನೊಂದು ಫಲ. ಬ್ಯಾಕ್ಟೀರಿಯವೊಂದರ ಉದ್ದ ಒಂದೆರಡು ಮೈಕ್ರಾನ್ ಮಾತ್ರ. ಯಾವ ಸೀರೆಯೂ ಅದನ್ನು ಹಿಡಿಯದು. ಆದರೆ ಅದು ಅಂಟಿಕೊಂಡಿರುವ ಕೋಪೆಪಾಡ್ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಬಾಂಗ್ಲಾದೇಶದ ಮನೆಗಳಲ್ಲಿ ಪಾನಕ ಸೋಸಲು ಹಳೆ ಸೀರೆಯ ತುಂಡನ್ನು ಮೊದಲಿಂದಲೂ ಬಳಸುತ್ತಿದ್ದರು, ಆದರೆ ಒಂದೇ ಪದರವಾಗಿ. ಕನಿಷ್ಠ ನಾಲ್ಕು ಪದರಗಳಾಗಿ ಮಡಿಸಿದರೆ ಬಟ್ಟೆಯ ರಂಧ್ರ ಸುಮಾರು 20 ಮೈಕ್ರಾನಿಗೆ ಇಳಿಯುತ್ತದೆ ಎಂದು ಕಾಲ್ವೆಲ್ ತಂಡ ಕಂಡುಕೊಂಡಿತು. ಇದಕ್ಕೆ ಹೊಸ ಸೀರೆಗಿಂತ ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯೇ ಮೇಲು: ಸವೆದ ಎಳೆಗಳ ನವಿರು ನಾರು ಬಿಚ್ಚಿಕೊಂಡು ರಂಧ್ರಗಳನ್ನು ಕಿರಿದುಗೊಳಿಸುತ್ತದೆ. ಸೌದೆ ದುರ್ಲಭವಾದ, ಮಳೆಗಾಲದಲ್ಲಿ ಸುತ್ತಲೂ ನೀರೇ ನೀರಾಗುವ ನಾಡಿನಲ್ಲಿ ಕುಡಿಯುವ ನೀರನ್ನೆಲ್ಲ ಕಾಯಿಸಿಕೊಳ್ಳಿ ಎನ್ನುವುದು ಸುಲಭ, ಮಾಡುವುದು ಕಷ್ಟ. ಹಳೆ ಸೀರೆಯಾದರೋ ಬಡವರ ಮನೆಯಲ್ಲೂ ಇದ್ದೇ ಇರುತ್ತದೆ.

ಕರ್ನಾಟಕದವರಿಗೂ ಇಂಥ ಸೋಸುವಿಕೆ ಹೊಸದಲ್ಲ. ಮೆಟ್ಟಿಲುಬಾವಿಗಳ ನೀರಿನಿಂದ ಹರಡುತ್ತಿದ್ದ ನಾರುಹುಣ್ಣಿನ ಹುಳುವಿನ ಮರಿಗಳನ್ನು ಹೊತ್ತು ತಿರುಗುವ ಸೈಕ್ಲಾಪ್ಸ್ ಕೂಡ ಕೋಪೆಪಾಡ್ ಕುಲದ್ದೇ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಆ ರೋಗದ ನಿರ್ಮೂಲನದಲ್ಲಿ ಮುಖ್ಯ ಉಪಾಯವಾಗಿತ್ತು. 2000ದಲ್ಲಿ ಭಾರತ ನಾರುಹುಣ್ಣುಮುಕ್ತವೆಂದು ಘೋಷಿತವಾಯಿತು.

ಸೀರೆಯ ಸೋಸುವಿಕೆಯನ್ನು ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ 1999ರ ಸೆಪ್ಟೆಂಬರಿನಿಂದ 2002ರ ಜುಲೈವರೆಗೆ ಪರೀಕ್ಷೆಗೊಡ್ಡಲಾಯಿತು. 65 ಹಳ್ಳಿಗಳು, ಸುಮಾರು 1,33,000 ಜನ. ಕೆಲವು ಹಳ್ಳಿಗಳಲ್ಲಿ ಸೀರೆ, ಕೆಲವುಗಳಲ್ಲಿ ನೈಲಾನ್ ಜಾಲರಿ, ಉಳಿದವುಗಳಲ್ಲಿ ಎಂದಿನ ರೂಢಿ. ಕೊಡದ ಬಾಯಿಗೆ ಬಟ್ಟೆ ಮಡಿಸಿ ಹಾಕುವುದು, ನೀರು ತುಂಬಿದ ಮೇಲೆ ಅದನ್ನು ಜಾಲಿಸಿ ಬಿಸಿಲಿಗೆ ಒಣಹಾಕುವುದು, ಇಷ್ಟನ್ನೇ ಹೆಂಗಸರಿಗೆ ಕಲಿಸಿದ್ದು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೋಸುವ ಹಳ್ಳಿಗಳಲ್ಲಿ ಕಾಲರಾ 48% ಕಡಿಮೆಯಾಗಿತ್ತು. ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ರೋಗಾಣುಗಳನ್ನು ಬಟ್ಟೆ ತಡೆಯಲಾರದು. ಆದ್ದರಿಂದ ಇದು ಶುದ್ಧ ನೀರಿನ ಪೂರೈಕೆಗೆ ಬದಲಿಯಲ್ಲ. ಆದರೂ ಕಾಸಿಲ್ಲದೆ ಕೈಗೆಟಕುವ ಉಪಾಯವೊಂದು ರೋಗವನ್ನು ಅರ್ಧದಷ್ಟು ಇಳಿಸಿತೆಂಬುದು ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ದೊಡ್ಡ ಸಂಗತಿ.

ಯೋಜನೆ ಮುಗಿದ ಮೇಲೆ ಏನಾಯಿತು ಎಂದು ಹಿಂದಿರುಗಿ ನೋಡುವ ಸಂಶೋಧಕರು ವಿರಳ. ಕಾಲ್ವೆಲ್ ಮತ್ತು ಹಕ್ ಅವರ ತಂಡ ಐದು ವರ್ಷಗಳ ನಂತರ ಅದೇ ಹಳ್ಳಿಗಳಿಗೆ ಹೋಯಿತು. ಯಾರ ಒತ್ತಾಯವೂ ಇಲ್ಲದೆ 31% ಹೆಂಗಸರು ಇನ್ನೂ ನೀರು ಸೋಸುತ್ತಿದ್ದರು. ಅವರಲ್ಲಿ 60% ಮಂದಿ ಬಳಸುತ್ತಿದ್ದುದು ಸೀರೆಯನ್ನು. ಏನನ್ನೂ ಕಲಿಸದೆ ಬಿಟ್ಟಿದ್ದ ಹಳ್ಳಿಗಳಲ್ಲೂ ನಾಲ್ಕರಲ್ಲೊಂದು ಮನೆಗೆ ಈ ರೂಢಿ ಹಬ್ಬಿತ್ತು. ತಾವು ಸೋಸದಿದ್ದರೂ, ಸೋಸುವ ಮನೆಗಳ ನೆರೆಯಲ್ಲಿದ್ದವರಿಗೂ ಕಾಲರಾ ತಗಲುವುದು ಕಡಿಮೆಯಾಗಿತ್ತು.